ಬಾಯಿ ಹೊಲಿಯದ ದಿಂಬು

ಅಂಗಡಿಯ ಮಹಡಿಯಿಂದ,
ಬುಧವಾರ, ಹನ್ನೊಂದನೆಯ ತಾರೀಕು

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ಹೇಗಿದ್ದೀರಿ? ಎಡ ಮೊಣಕಾಲಿನ ನೋವು ಇಳಿಯಿತೇ? ಕಣ್ಣಿನ ಡಾಕ್ಟರು ಕೊಟ್ಟ ಹನಿಗಳನ್ನು ದಿನಕ್ಕೆ ಮೂರು ಸಲ ಹಾಕಿಕೊಳ್ಳುತ್ತಿದ್ದೀರೋ, ಇಲ್ಲಿ ಮಾಡುತ್ತಿದ್ದ ಹಾಗೆ ಒಂದು ಸಲ ಹಾಕಿಕೊಂಡು ಮೂರು ಸಲ ಎಂದು ಹೇಳುತ್ತಿದ್ದೀರೋ? ನಾದಿನಿಯನ್ನು ಕೇಳಿದರೆ "ಅಮ್ಮ ಆರಾಮಾಗಿದ್ದಾರೆ ಅತ್ತಿಗೆ" ಎನ್ನುತ್ತಾಳೆ. ಅವಳ ಆರಾಮವನ್ನು ನಾನು ನಂಬುವುದಿಲ್ಲ. ಕಾಲು ಮುರಿದುಕೊಂಡು ಮಲಗಿದ್ದಾಗಲೂ ಅವಳು ಆರಾಮಾಗಿಯೇ ಇದ್ದಳು. ಫೋನಿನಲ್ಲಿ ಕೇಳುವುದು ಬಿಟ್ಟು ಕಾಗದ ಯಾಕೆ ಎಂದು ನಿಮಗೆ ಅನ್ನಿಸೀತು. ನಾದಿನಿಯ ಮನೆಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿ ಊಟದ ಮೇಜಿನ ಮೇಲೆ ಇಡುತ್ತಾರೆ. ನಾನು ಒಂದು ಕೇಳಿದರೆ ನಾಲ್ಕು ಜನ ಉತ್ತರ ಕೊಡುತ್ತಾರೆ. ಇದು ನಾಲ್ಕು ಜನರ ಕಿವಿಗೆ ಬೀಳುವ ಮಾತಲ್ಲ. ಅದಕ್ಕೇ ನಿಮ್ಮ ಕನ್ನಡಕಕ್ಕೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ದಯವಿಟ್ಟು ಮೊಮ್ಮಗಳ ಕೈಲಿ ಓದಿಸಬೇಡಿ. ಲಕೋಟೆಯ ಅಂಟನ್ನು ಬಿಚ್ಚಿ ಮತ್ತೆ ಅಂಟಿಸಿದ ಹಾಗೆ ಕಂಡರೆ ನನಗೆ ತಿಳಿಸಿ.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಮಗ ಎರಡು ಕೆ.ಜಿ. ಇಳಿದಿದ್ದಾರೆ. ಅವರು ಅದನ್ನು ವಾಕಿಂಗ್ ಎನ್ನುತ್ತಾರೆ, ನಾನು ಚಿಂತೆ ಎನ್ನುತ್ತೇನೆ. ಅವರಿಗೆ ಈ ಲೋಕದಲ್ಲಿ ಯಾರ ಮೇಲೂ ಅನುಮಾನವಿಲ್ಲ. ಆದ್ದರಿಂದ ಅವರ ಪಾಲಿನದೂ ಸೇರಿ ಮನೆಯ ಅನುಮಾನವೆಲ್ಲ ನನ್ನ ತಲೆಗೇ ಬಂದಿದೆ. ಯಾರಾದರೂ ಒಬ್ಬರು ಬಾಗಿಲು ಹಾಕಿದೆಯೇ ಎಂದು ಎರಡನೆಯ ಸಲ ಎದ್ದು ನೋಡಬೇಕಲ್ಲ.

ವ್ಯಾಪಾರದ ವಿಷಯಕ್ಕೆ ಬರುತ್ತೇನೆ. ನೀವು ಕೂತು ಹೊಲಿಯುತ್ತಿದ್ದ ಜಾಗದಲ್ಲಿ ಫೋಮ್ ಹಾಸಿಗೆಗಳನ್ನು ಪೇರಿಸಿದ ದಿನ ನಾನು ಏನಂದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ. "ಈಗ ಕೈಹೊಲಿಗೆ ಯಾರಿಗೆ ಬೇಕು ಅತ್ತೆ, ನೀವು ಆರಾಮಾಗಿ ಕೂತ್ಕೊಳ್ಳಿ" ಅಂದೆ. "ಕೂರೋಕೆ ಜಾಗ ಎಲ್ಲಿ ಉಳಿಸಿದ್ದೀಯ?" ಅಂದಿರಿ ನೀವು. ಹದಿನೈದು ದಿನಕ್ಕೆಂದು ಮಗಳ ಮನೆಗೆ ಹೋದವರಿಗೆ ಎಂಟು ತಿಂಗಳಾಯಿತು. ನಿಮಗೆ ಸಮಾಧಾನವಾಗುವುದಾದರೆ ಹೇಳುತ್ತೇನೆ, ಆ ಫೋಮ್ ಹಾಸಿಗೆಗಳು ಇವತ್ತಿಗೂ ಅಲ್ಲೇ ಇವೆ. ಜನ ಬರುತ್ತಾರೆ. ಚಪ್ಪಲಿ ಬಿಟ್ಟು ಮಲಗುತ್ತಾರೆ, ಎಡಕ್ಕೆ ಹೊರಳುತ್ತಾರೆ, ಬಲಕ್ಕೆ ಹೊರಳುತ್ತಾರೆ, ಗಂಡನನ್ನು ಪಕ್ಕದಲ್ಲಿ ಮಲಗಿಸಿ ಅಗಲ ನೋಡುತ್ತಾರೆ. ಆಮೇಲೆ ಚೀಟಿಯ ಮೇಲಿನ ನಂಬರಿನ ಫೋಟೋ ಹೊಡೆದುಕೊಂಡು "ಮನೇಲಿ ಕೇಳಿ ಹೇಳ್ತೀವಿ" ಎಂದು ಹೋಗುತ್ತಾರೆ. ಮನೆಯವರೆಲ್ಲ ಹಾಸಿಗೆಯ ಮೇಲೇ ಇರುವಾಗ ಇನ್ನು ಯಾರನ್ನು ಕೇಳುವುದು? ಎರಡು ದಿನ ಬಿಟ್ಟು ಅದೇ ಹಾಸಿಗೆ ಮರದ ದಿಮ್ಮಿಯ ಹಾಗೆ ಸುರುಳಿಯಾಗಿ ಪಾರ್ಸೆಲ್ ವ್ಯಾನಿನಲ್ಲಿ ಬರುತ್ತದೆ. ಡ್ರೈವರ್ ಆ ಮನೆ ಎಲ್ಲಿ ಎಂದು ನಮ್ಮ ಅಂಗಡಿಯ ಮುಂದೆಯೇ ನಿಲ್ಲಿಸಿ ಕೇಳುತ್ತಾನೆ. ನಿಮ್ಮ ಮಗ ಹೊರಗೆ ಬಂದು ಕೈ ತೋರಿಸಿ ದಾರಿ ಹೇಳುತ್ತಾರೆ. ನಾನು ಮಾತ್ರ ಒಳಗೆ ಹಲ್ಲು ಕಡಿಯುತ್ತ ಕೂರುತ್ತೇನೆ.

ಮಲಗುವವರಲ್ಲಿ ಒಬ್ಬ ಮೇಷ್ಟ್ರು ಇದ್ದಾರೆ, ನಿವೃತ್ತರು. ನಾಲ್ಕು ತಿಂಗಳಿಂದ ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಬಂದು ಅದೇ ಹಾಸಿಗೆಯ ಮೇಲೆ ಇಪ್ಪತ್ತು ನಿಮಿಷ ಮಲಗಿ ಎದ್ದು, "ಇನ್ನೊಂದು ಸಲ ನೋಡಿ ಹೇಳ್ತೀನಮ್ಮ" ಎನ್ನುತ್ತಾರೆ. ಬಿಸಿಲಿಗೆ ಬರುತ್ತಾರೆ ಪಾಪ, ಫ್ಯಾನ್ ಹಾಕು ಎನ್ನುತ್ತಾರೆ ನಿಮ್ಮ ಮಗ. ಬೇರೆ ಕಂಪನಿಯವರು ಕಳಿಸಿದ ಜನ ಎಂದು ನನಗೆ ಬಹಳ ದಿನ ಅನುಮಾನವಿತ್ತು. ಗೊರಕೆ ಹೊಡೆಯುವಾಗ ಹತ್ತಿರ ಹೋಗಿ ನೋಡಿದ್ದೇನೆ, ಗೊರಕೆ ಮಾತ್ರ ನಿಜವಾದದ್ದೇ. ಇನ್ನು ಎದುರಿನ ಪಾತ್ರೆ ಅಂಗಡಿ ಈಗ ಪಾತ್ರೆ ಅಂಗಡಿಯಲ್ಲ. ಅರ್ಧ ಕಪಾಟು ಕಿತ್ತು ಹಾಕಿ ಪಾರ್ಸೆಲ್ ಕೌಂಟರ್ ಮಾಡಿಕೊಂಡಿದ್ದಾರೆ. ತಮ್ಮ ಕಪಾಟಿನಲ್ಲಿ ಇರುವಂಥದೇ ಕುಕ್ಕರನ್ನು ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು, ತಮ್ಮ ಹಳೆಯ ಗಿರಾಕಿಗಳಿಗೇ ಸಹಿ ಹಾಕಿಸಿಕೊಂಡು ಕೊಡುತ್ತಾರೆ. "ಕಾಲ ಹೇಗಿದೆಯೋ ಹಾಗೆ ನಾವು" ಎಂದು ನಗುತ್ತಾರೆ. ಅಷ್ಟು ನಗುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ.

ಈಗ ಮುಖ್ಯ ವಿಷಯ. ಮೂರು ತಿಂಗಳ ಹಿಂದೆ ಒಬ್ಬ ಹೆಂಗಸು ಅಂಗಡಿಗೆ ಬಂದು ಫೋನು ಹಿಡಿದು ತೋರಿಸಿದಳು. "ನಿಮ್ಮಲ್ಲಿ ಇಂಥ ದಿಂಬು ಇದೆಯಾ? ಒಂದು ಕಡೆ ಹೊಲಿದಿರಲ್ಲ, ಒಂದು ಹಿಡಿ ಹತ್ತಿ ಬೇರೆ ಕೊಟ್ಟಿರ್ತಾರೆ" ಎಂದಳು. ನಾನು ಆ ಫೋನನ್ನು ಅವಳ ಕೈಯಿಂದ ಇಸಿದುಕೊಂಡು ನೋಡಿದೆ. ಮದುವೆಯಾಗಿ ಬಂದ ಮೊದಲ ವಾರ ನೀವು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು "ದಿಂಬು ಅಂಗಡೀಲಿ ಮುಗಿಯಲ್ಲ ಮಗು, ಅವರ ಮನೇಲಿ ಮುಗಿಯುತ್ತೆ" ಎಂದು ಹೇಳಿದ್ದನ್ನು ನಾನು ಮರೆತಿಲ್ಲ. ಗಿರಾಕಿಯ ಕುತ್ತಿಗೆಯಿಂದ ಭುಜದ ತನಕ ಬೆರಳಿಟ್ಟು ಅಳೆಯಬೇಕು. ಅಷ್ಟಕ್ಕೆ ಹತ್ತಿ ತುಂಬಿ ಮೂರು ಕಡೆ ಗಟ್ಟಿಯಾಗಿ ಹೊಲಿದು, ನಾಲ್ಕನೆಯ ಕಡೆ ನಾಲ್ಕೇ ನಾಲ್ಕು ಸಡಿಲ ಹೊಲಿಗೆ ಹಾಕಿ, ಬಾಯಿ ತೆರೆದ ಹಾಗೆಯೇ ಕಳಿಸಬೇಕು. ಒಂದು ವಾರ ಅದರ ಮೇಲೆ ಮಲಗಿ ಅವರು ಮತ್ತೆ ಬರುತ್ತಾರೆ. ಎತ್ತರವಾಯಿತು ಎಂದರೆ ಒಂದು ಹಿಡಿ ತೆಗೆದು, ತಗ್ಗಾಯಿತು ಎಂದರೆ ಒಂದು ಹಿಡಿ ಹಾಕಿ, ಆಮೇಲೆ ಬಾಯಿ ಹೊಲಿಯಬೇಕು. ಇದು ನಿಮ್ಮ ಅತ್ತೆ ನಿಮಗೆ ಕಲಿಸಿದ್ದು, ನೀವು ನನಗೆ ಕಲಿಸಿದ್ದು. ಇನ್ನೊಂದು ಅಂಗಡಿಯಲ್ಲಿ ನಾನು ಇದನ್ನು ಕಂಡಿಲ್ಲ. ಆ ಹೆಂಗಸಿನ ಫೋನಿನಲ್ಲಿ ಅದೇ ಇತ್ತು. 'ಒಂದು ಹಿಡಿ' ಎಂದು ಹೆಸರು. ಅಳತೆಯನ್ನು ನೀವೇ ತೆಗೆದು ಬರೆದು ಕಳಿಸಿ, ಒಂದು ವಾರ ಮಲಗಿ ನೋಡಿ, ಬೇಕಾದರೆ ಈ ಹಿಡಿ ಹತ್ತಿಯನ್ನು ಸೇರಿಸಿ, ಜೊತೆಗಿರುವ ಸೂಜಿ ದಾರದಿಂದ ನೀವೇ ಬಾಯಿ ಹೊಲಿಯಿರಿ ಎಂದು ಚಿತ್ರ ಸಮೇತ ಬರೆದಿದ್ದರು. ನೂರಕ್ಕೂ ಹೆಚ್ಚು ಜನ ಹೊಗಳಿದ್ದರು. ನಾಲ್ಕೂ ಮುಕ್ಕಾಲು ಸ್ಟಾರು!

ನಮ್ಮ ಮನೆಯ ಕೆಲಸ ಹೊರಗೆ ಯಾರಿಗೆ ಹೋಯಿತು? ನಿಮ್ಮ ಮಗನನ್ನು ಕೇಳಿದೆ. "ದಿಂಬು ತಾನೇ, ಯಾರಿಗೋ ಹೊಳೆದಿರುತ್ತೆ ಬಿಡೇ" ಎಂದರು. ದಿಂಬಿನ ಬಾಯಿ ತೆರೆದಿಡುವುದು ಯಾರಿಗಾದರೂ ಸುಮ್ಮನೆ ಹೊಳೆಯುವ ವಿಷಯವೇ? ನಾನು ಸುಳ್ಳು ಹೆಸರಿನಲ್ಲಿ ಒಂದು ತರಿಸಿದೆ. ನಮ್ಮ ಬೀದಿಗೆ ಬೇಡವೆಂದು ಬಸ್ ನಿಲ್ದಾಣದ ಹತ್ತಿರದ ಕೌಂಟರಿಗೆ ಹಾಕಿಸಿ, ತಂಪು ಕನ್ನಡಕ ಹಾಕಿಕೊಂಡು ಹೋಗಿ ತಂದೆ. ಬಿಚ್ಚಿ ನೋಡಿದರೆ ಬದಿಯ ಹೊಲಿಗೆ ಅಂಕುಡೊಂಕು, ಯಾರೋ ಈಗಷ್ಟೇ ಸೂಜಿ ಹಿಡಿದವರದು. ಆದರೆ ಒಳಗಿನ ಹತ್ತಿಯನ್ನು ಎರಡು ಬೆರಳಲ್ಲಿ ಎಳೆದ ಕೂಡಲೇ ಗೊತ್ತಾಯಿತು, ಅದು ಮೌನಿಯಣ್ಣ ಹಿಂಜಿದ ಹತ್ತಿ. ಮೂವತ್ತು ವರ್ಷದಿಂದ ನಮ್ಮ ಹಿಂದಿನ ಕೋಣೆಯಲ್ಲಿ ಹತ್ತಿ ಹಿಂಜುವವರ ಕೈ ನನಗೆ ತಿಳಿಯದೇ? ಹೊಗೆಯ ಹಾಗೆ ಬಿಡಿಬಿಡಿಯಾಗಿ ಏಳುತ್ತದೆ. ಒಂದು ಬೀಜದ ಚೂರಿಲ್ಲ.

ಅಲ್ಲಿಂದ ನಾನು ಅವರನ್ನು ಕಾಯತೊಡಗಿದೆ. ದಿನಕ್ಕೆ ನಾಲ್ಕು ಮಾತಿಗಿಂತ ಹೆಚ್ಚು ಆಡದವರನ್ನು ಕಾಯುವುದು ಕಷ್ಟ ಅತ್ತೆ, ತಪ್ಪಿ ಏನೂ ಬಾಯಿಬಿಡುವುದಿಲ್ಲ. ಗುರುವಾರ ಗುರುವಾರ ಒಂದು ಚೀಲವನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದರು. ಎಲ್ಲಿಗೆ ಎಂದರೆ "ಇಲ್ಲೇ" ಎನ್ನುತ್ತಿದ್ದರು. ಎರಡು ಗುರುವಾರ ಅವರ ಹಿಂದೆಯೇ ಹೋಗಿ ನೋಡಿದೆ, ನೇರವಾಗಿ ಪಾರ್ಸೆಲ್ ಆಫೀಸಿಗೆ! ಮೂರನೆಯ ಗುರುವಾರ ಅಂಗಡಿಯಲ್ಲಿ ಐದಾರು ಗಿರಾಕಿಗಳು ಇದ್ದಾಗಲೇ ಅಡ್ಡ ನಿಂತು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು, ಇಷ್ಟು ವರ್ಷ ಇಲ್ಲಿ ಉಂಡು ಮನೆಯ ಗುಟ್ಟು ಮಾರಿದಿರಿ ಎಂದುಬಿಟ್ಟೆ. ಮೇಷ್ಟ್ರು ಕೂಡ ಎಚ್ಚರಾಗಿ ಎದ್ದು ಕೂತರು. ಮೌನಿಯಣ್ಣ ಮೂಗಿಗೆ ಕಟ್ಟಿಕೊಂಡಿದ್ದ ಬಟ್ಟೆಯನ್ನು ಬಿಚ್ಚಿ, ಎರಡು ಸಲ ಕೊಡವಿ, ಮಡಿಸಿ, ಯಂತ್ರದ ಪಕ್ಕದ ಮೊಳೆಗೆ ನೇತುಹಾಕಿ, ಚೀಲ ತೆಗೆದುಕೊಂಡು ಹೊರಟುಹೋದರು. ನಿಮ್ಮ ಮಗ ಆ ದಿನ ನನ್ನೊಡನೆ ಮಾತು ಬಿಟ್ಟರು. ಮದುವೆಯಾದ ಮೇಲೆ ಅದೇ ಮೊದಲು.

ಅಷ್ಟಕ್ಕೇ ನಿಂತಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ಆ ಸಂಜೆ ನಾನು 'ಒಂದು ಹಿಡಿ'ಗೆ ಒಂದು ಸ್ಟಾರು ಕೊಟ್ಟು, 'ಬಾಯಿ ಕೂಡ ಹೊಲಿಯದ ಅರ್ಧಂಬರ್ಧ ಕೆಲಸ, ಹತ್ತಿ ಚೆಲ್ಲುತ್ತದೆ, ಗಿರಾಕಿಯ ಕೈಯಲ್ಲೇ ಹೊಲಿಸುವ ಸೋಮಾರಿಗಳು' ಎಂದು ಬರೆದೆ. ಹೌದು ಅತ್ತೆ, ನಾನೇ. ಬಾಯಿ ಯಾಕೆ ತೆರೆದಿಡುತ್ತಾರೆ ಎಂದು ಈ ಊರಿನಲ್ಲಿ ನನ್ನಷ್ಟು ಗೊತ್ತಿದ್ದವರು ಇನ್ನೊಬ್ಬರಿಲ್ಲ. ಅದನ್ನೇ ತಪ್ಪು ಎಂದು ಬರೆದೆ. ಮೌನಿಯಣ್ಣ ಹೋದ ಮೇಲೂ ಆ ಪುಟದಲ್ಲಿ ವ್ಯಾಪಾರ ನಡೆದೇ ಇತ್ತು. ಇನ್ನೊಂದು ಹೆಸರಿನಲ್ಲಿ ಇನ್ನೊಂದು ದಿಂಬು ತರಿಸಿದೆ. ಕೊಂಡವರಿಗೆ ಮಾತ್ರ ಬರೆಯಲು ಬಿಡುತ್ತಾರೆ, ಅದಕ್ಕಾಗಿ ತರಿಸಿದ್ದೇ ಹೊರತು ಮಲಗಲಿಕ್ಕಲ್ಲ. ಪೊಟ್ಟಣ ಬಿಚ್ಚದೆಯೇ 'ಕುತ್ತಿಗೆ ಹಿಡಿದುಕೊಂಡಿತು, ನಾಲ್ಕು ದಿನ ತಲೆ ತಿರುಗಿಸಲು ಆಗಲಿಲ್ಲ' ಎಂದು ಬರೆದೆ. ಈ ಆನ್‌ಲೈನ್ ಪೇಟೆಯಲ್ಲಿ ಎಷ್ಟು ಸುಲಭ ನೋಡಿ. ಅಂಗಡಿಗೆ ಬಂದು ಸುಳ್ಳು ಹೇಳುವವರ ಮುಖವನ್ನಾದರೂ ನಾವು ನೋಡುತ್ತೇವೆ. ಮುಖ ಕಾಣಲಿ ಎಂದೇ ನೀವು ಗಿರಾಕಿಯನ್ನು ಬೆಳಕಿನ ಕಡೆ ಕೂರಿಸಿ ಅಳತೆ ತೆಗೆಯುತ್ತಿದ್ದಿರಿ. ಇಲ್ಲಿ ನನ್ನ ಮುಖವನ್ನು ಯಾರೂ ನೋಡಲಿಲ್ಲ. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂದು ಥ್ಯಾಂಕ್ಸ್ ಕೂಡ ಹೇಳಿದರು.

ಹೋದ ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನಾದಿನಿ ಫೋನು ಮಾಡಿದಳು. ಅವಳು ಅಳುತ್ತಿದ್ದಳು, ಈ ಸಲ ಯಾರೂ ಆರಾಮಾಗಿರಲಿಲ್ಲ. ನೀವೂ ಮೊಮ್ಮಗಳೂ ಆರು ತಿಂಗಳಿಂದ ದಿಂಬು ಮಾಡಿ ಆನ್‌ಲೈನಿನಲ್ಲಿ ಮಾರುತ್ತಿದ್ದೀರಿ, ಮೊಮ್ಮಗಳು ಹೊಲಿಗೆ ಕಲಿಯುತ್ತಿದ್ದಾಳೆ, ಮೌನಿಯಣ್ಣ ತಮ್ಮ ಸ್ವಂತ ಹತ್ತಿಯನ್ನು ಹಿಂಜಿ ಪ್ರತಿ ವಾರ ಕಳಿಸುತ್ತಿದ್ದರು, ಮನೆಯಲ್ಲಿ ಯಾರಿಗೂ ಹೇಳಬೇಡಿ ಎಂದು ನೀವು ಅವರಿಂದ ಮಾತು ತೆಗೆದುಕೊಂಡಿದ್ದಿರಿ, ಎಲ್ಲವೂ ಆ ದಿನ ಹೊರಗೆ ಬಂತು. ನಿಮ್ಮ ಮಗ "ಅಮ್ಮ ವ್ಯಾಪಾರ ಶುರು ಮಾಡಿದ್ದಾಳಂತೆ ಕಣೇ!" ಎಂದು ಎಂಜಲು ಕೈಯಲ್ಲೇ ಎದ್ದು ನಿಂತು ನಕ್ಕರು. ಆಮೇಲೆ ನಾದಿನಿ ಹೇಳಿದ್ದನ್ನು ಕೇಳಿ ಕೂತುಬಿಟ್ಟರು. ಮೊದಲು ಇಬ್ಬರು ಕೆಟ್ಟದಾಗಿ ಬರೆದಾಗ ನೀವು ನಕ್ಕಿರಂತೆ. "ಬಾಯಿ ತೆರೆದದ್ದು ಇಷ್ಟ ಆಗದೋರೂ ಇರ್ತಾರೆ, ಬಿಡು" ಅಂದಿರಂತೆ. ಮೂರನೆಯವರು ಬರೆದದ್ದನ್ನು ಮೊಮ್ಮಗಳು ಓದಿ ಹೇಳಿದ ಮೇಲೆ ಸೂಜಿಯನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದಿರಂತೆ. ಹನ್ನೆರಡು ದಿನದಿಂದ ಮುಟ್ಟಿಲ್ಲವಂತೆ. ಊಟವೂ ಅರ್ಧ, ಮಾತೂ ಅರ್ಧ. ನಾನು ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಹಾಕಿ ಮಹಡಿಗೆ ಬಂದೆ. ಅಟ್ಟದಿಂದ ಆ ಎರಡನೆಯ ಪೊಟ್ಟಣವನ್ನು ಇಳಿಸಿ ಆಗ ಬಿಚ್ಚಿದೆ. ಬದಿಯ ಹೊಲಿಗೆಯ ಕೊನೆಯಲ್ಲಿ ಮೂರು ಸುತ್ತು ಸುತ್ತಿ ದಾರವನ್ನು ಒಳಕ್ಕೆ ನುಂಗಿಸುವ ನಿಮ್ಮ ಗಂಟು ಇತ್ತು. ನನಗೆ ಇವತ್ತಿಗೂ ಬಾರದ ಗಂಟು ಅದು. ಎಷ್ಟು ಹೊಲಿದು ತಂದು ತೋರಿಸಿದರೂ ನೀವು ಬೆರಳಾಡಿಸಿ 'ಹೂಂ' ಎಂದು ಪಕ್ಕಕ್ಕೆ ಇಡುತ್ತಿದ್ದಿರಿ. ಆ ಹೂಂ ಎಂದರೆ ಚೆನ್ನಾಗಿದೆ ಎಂದೋ, ಪರವಾಗಿಲ್ಲ ಎಂದೋ, ನಿನ್ನ ಹಣೆಬರಹ ಎಂದೋ, ಇಪ್ಪತ್ತೆರಡು ವರ್ಷ ನಾನು ಲೆಕ್ಕ ಹಾಕುತ್ತಲೇ ಇದ್ದೇನೆ.

ಮಾರನೆಯ ಬೆಳಿಗ್ಗೆ ಮೌನಿಯಣ್ಣನ ಮನೆಗೆ ಹೋದೆ. ಅವರು ಕಿಟಕಿಯ ಹತ್ತಿರ ಕೂತು ಸೈಕಲ್ಲಿನ ಚೈನಿಗೆ ಎಣ್ಣೆ ಹಾಕುತ್ತಿದ್ದರು. ತಪ್ಪಾಯಿತು ಎಂದೆ. ನೀವು ಹೇಳಿದ್ದರೆ ನಾನು ಹೀಗೆ ಮಾಡುತ್ತಿದ್ದೆನೇ ಎಂದೂ ಅಂದೆ, ಹಾಳು ನಾಲಿಗೆ ಅಲ್ಲೂ ಸುಮ್ಮನಿರಲಿಲ್ಲ. ಅವರು ಎಣ್ಣೆಯ ಕೈ ಒರೆಸಿಕೊಂಡರು. ಆಮೇಲೆ "ಬೈದ್ರಿ. ಯಾಕೆ ಅಂತ ಕೇಳ್ಲಿಲ್ಲ" ಎಂದರು. ಅಷ್ಟೇ. ಅವರ ಹೆಂಡತಿ ಒಂದು ಲೋಟ ನೀರು ತಂದು ಕೊಟ್ಟಳು, ಕೂರು ಎನ್ನಲಿಲ್ಲ. ನೀವು ಒಂದು ಮಾತು ಹೇಳಿದರೆ ಅವರು ವಾಪಸು ಬರುತ್ತಾರೆ, ಇಲ್ಲದಿದ್ದರೆ ಇಲ್ಲ. ಹಿಂಜುವ ಯಂತ್ರದ ಮೇಲೆ ಈಗ ನಿಮ್ಮ ಮಗ ಪೇಪರು ಓದುತ್ತಾರೆ.

ನಾನು ಬರೆದ ಆ ಎರಡನ್ನೂ ಅಳಿಸಲು ನೋಡಿದೆ. ಅಳಿಸಲು ಬರುವುದಿಲ್ಲ, ಬದಲಾಯಿಸಬಹುದು ಎಂದಿತು. ಎರಡಕ್ಕೂ ಐದೈದು ಸ್ಟಾರು ಹಾಕಿ, ಇಂಥ ದಿಂಬು ಜನ್ಮದಲ್ಲಿ ಕಂಡಿಲ್ಲ ಎಂದು ಬರೆದೆ. ಹತ್ತು ನಿಮಿಷಕ್ಕೆ 'ಅನುಮಾನಾಸ್ಪದ ಚಟುವಟಿಕೆ' ಎಂದು ನನ್ನ ಎರಡೂ ಖಾತೆಗಳನ್ನು ನಿಲ್ಲಿಸಿದರು. ಅನುಮಾನದಲ್ಲಿ ನನ್ನನ್ನೂ ಮೀರಿಸಿದವರನ್ನು ನಾನು ಕಂಡದ್ದು ಅದೇ ಮೊದಲು. ಸಿಟ್ಟಿನಲ್ಲಿ ಕೊಯ್ದ ಮೂಗು ಸಮಾಧಾನವಾದ ಮೇಲೆ ಬಂದೀತೇ? ಆದರೆ ನಾದಿನಿ ಹೇಳುವ ಪ್ರಕಾರ ನಿಮ್ಮ ಪುಟವನ್ನು ಮುಚ್ಚಿಸಿದ್ದು ಈ ಎರಡಲ್ಲ, ಆ ಮೂರನೆಯದು. 'ಹಳೆಯ ಹತ್ತಿಯನ್ನು ಹೊಸ ಬಟ್ಟೆಗೆ ತುಂಬಿದ್ದಾರೆ, ವಾಸನೆ, ಮೈಯೆಲ್ಲ ತುರಿಕೆ.' ನಮ್ಮ ಕಸುಬಿನವರಿಗೆ ಇದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ. ಬಿಸಾಡಿದ ದಿಂಬಿನ ಹತ್ತಿಯನ್ನು ತುಂಬುವವನನ್ನು ನಿಮ್ಮ ಮಾವ ಬೀದಿಯಿಂದಲೇ ಓಡಿಸಿದ ಕಥೆಯನ್ನು ನೀವೇ ಹೇಳಿದ್ದಿರಿ. ಆರೋಗ್ಯದ ದೂರು ಎಂದು ಕಂಪನಿಯವರು ವಿಚಾರಣೆಗೆ ಇಟ್ಟಿದ್ದಾರಂತೆ, ಬರೆದವರೇ ಹಿಂದಕ್ಕೆ ತೆಗೆದುಕೊಳ್ಳುವ ತನಕ ಪುಟ ತೆರೆಯುವುದಿಲ್ಲವಂತೆ.

ಅದನ್ನು ಬರೆದವರು ಯಾರಿರಬಹುದು ಎಂದು ನಿಮ್ಮ ಮಗ ಊಟ ತಿಂಡಿ ಬಿಟ್ಟು ಯೋಚಿಸುತ್ತಿದ್ದಾರೆ. ಜೀವಮಾನದಲ್ಲಿ ಮೊದಲ ಸಲ ಅವರಿಗೂ ಅನುಮಾನ ಬಂದಿದೆ. ಹೊಸದಾದ್ದರಿಂದ ಪಾಪ ಎಲ್ಲಿಡಬೇಕೆಂದು ತಿಳಿಯುತ್ತಿಲ್ಲ. ಒಮ್ಮೆ ಮೇಷ್ಟ್ರ ಮೇಲೆ ಇಡುತ್ತಾರೆ, ಒಮ್ಮೆ ನಮಗೆ ಫೋಮ್ ಹಾಸಿಗೆ ತಂದು ಹಾಕಿದ ಏಜೆಂಟನ ಮೇಲೆ. ಮೇಷ್ಟ್ರಿಗೆ ನಿನ್ನೆ ಫ್ಯಾನ್ ಹಾಕಲಿಲ್ಲ. ಪಾತ್ರೆ ಅಂಗಡಿಯವರೇ ಇರಬೇಕೆಂದು ನಾನು ಅಂದೆ. ಹೋಗಿ ಮೆಲ್ಲಗೆ ಮಾತು ತೆಗೆದರೆ, ನಾನು ಏನೂ ಕೇಳುವ ಮೊದಲೇ "ನಾವು ಪೊಟ್ಟಣ ಕೊಡೋದಷ್ಟೇ ಅಮ್ಮ, ಒಳಗೆ ಏನಿದೆ ಅಂತ ನೋಡಲ್ಲ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಯಾರೇ ಆಗಲಿ, ಹತ್ತಿಯ ಕಸುಬು ತಿಳಿದವರೇ ಬರೆದಿದ್ದಾರೆ ಅತ್ತೆ. ಹೊರಗಿನವರಿಗೆ ಎಲ್ಲಿ ಚುಚ್ಚಿದರೆ ನೋವಾಗುತ್ತದೆ ಎಂದು ಗೊತ್ತಾಗುವುದಿಲ್ಲ.

ನಾನು ಕೇಳಿಕೊಳ್ಳುವುದು ಇಷ್ಟು. ಸೂಜಿಯನ್ನು ಡಬ್ಬಿಯಿಂದ ತೆಗೆಯಿರಿ. ಇಲ್ಲಿಗೆ ಬಂದೇ ಹೊಲಿಯಬೇಕೆಂದಿಲ್ಲ, ಅಲ್ಲೇ ಕೂತು ಹೊಲಿದರೂ ಸರಿ. ಫೋಮ್ ಹಾಸಿಗೆಗಳನ್ನು ನಿನ್ನೆ ನಾವಿಬ್ಬರೇ ಎಳೆದು ಬಾಗಿಲ ಪಕ್ಕಕ್ಕೆ ಹಾಕಿದೆವು. ನಿಮ್ಮ ಜಾಗ ಗುಡಿಸಿ ಒರೆಸಿ ಖಾಲಿ ಇದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬಂತೆಂದು ನಾನು ಹಿಗ್ಗಿದ ಎಂಟು ತಿಂಗಳಲ್ಲಿ ನೀವು ನೂರಾರು ಜನರನ್ನು ಸುಖವಾಗಿ ಮಲಗಿಸಿದಿರಿ, ನಾನು ಮೇಷ್ಟ್ರನ್ನು ಮಾತ್ರ ಮಲಗಿಸಿದೆ. ನನಗೆ ನಾಚಿಕೆಯಾಗುತ್ತದೆ. ನಿಮ್ಮನ್ನು ನೋಡಬೇಕು ಅನ್ನಿಸುತ್ತದೆ.

ನಾದಿನಿಗೂ ಅವಳ ಯಜಮಾನರಿಗೂ ನನ್ನ ನೆನಪು ಹೇಳಿ. ಮೊಮ್ಮಗಳಿಗೆ ಹೊಲಿಗೆಯ ಉದ್ದ ಒಂದೇ ಸಮ ಬರಬೇಕಾದರೆ ದಾರವನ್ನು ಗಿಡ್ಡ ಕತ್ತರಿಸಿಕೊಳ್ಳಲು ಹೇಳಿ. ಕಣ್ಣಿನ ಹನಿಯನ್ನು ನಿಜವಾಗಿಯೂ ಮೂರು ಸಲ ಹಾಕಿಕೊಳ್ಳಿ. ನಿಮ್ಮ ಮಗ ಕೆಳಗಿನಿಂದ ಕೂಗುತ್ತಿದ್ದಾರೆ, ಯಾರೋ ಹಾಸಿಗೆಯ ಮೇಲೆ ಮಲಗಲು ಬಂದಿರಬೇಕು.

ನಿಮ್ಮ ಕಾಲಿಗೆ ಬಿದ್ದು ಬೇಡುವ,
ನಿಮ್ಮ ಸೊಸೆ

ತಾ.ಕ.: ನಿನ್ನೆ ಅಂಟು ಹಚ್ಚಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಅಂಟು ಎರಡು ಸಲ ಕಂಡರೆ ಯಾರನ್ನೂ ಅನುಮಾನಿಸಬೇಡಿ, ನಾನೇ. ಮೂರನೆಯದನ್ನು ಬರೆದವಳೂ ನಾನೇ ಅತ್ತೆ. ಎರಡನೆಯ ಪೊಟ್ಟಣವನ್ನು ಹೋದ ಶುಕ್ರವಾರ ಬಿಚ್ಚಿದೆ ಎಂದದ್ದು ಸುಳ್ಳು. ತಂದ ಮಾರನೆಯ ದಿನವೇ ಬಿಚ್ಚಿದ್ದೆ. ನಿಮ್ಮ ಗಂಟನ್ನು ಆಗಲೇ ನೋಡಿದ್ದೆ. ಮೌನಿಯಣ್ಣನ ತಪ್ಪಿಲ್ಲ ಎಂದು ಆಗಲೇ ಗೊತ್ತಿತ್ತು, ಆದರೂ ಒಂದು ತಿಂಗಳು ಅವರ ಮನೆಯ ಕಡೆ ತಲೆ ಹಾಕಲಿಲ್ಲ. ಗಂಟು ನೋಡಿ ಮೊದಲು ಸಂತೋಷವೇ ಆಯಿತು, ನಿಮ್ಮಾಣೆ. ಇನ್ನಷ್ಟು ನೋಡೋಣ ಎಂದು ನಿಮ್ಮ ಪುಟವನ್ನು ಕೊನೆಯ ತನಕ ಓದಿದೆ. ಅಲ್ಲಿ ಒಬ್ಬರು 'ಇದನ್ನು ಯಾರು ಮಾಡುತ್ತಾರೆ?' ಎಂದು ಕೇಳಿದ್ದರು. ಕೆಳಗೆ ಉತ್ತರವಿತ್ತು: 'ಎಪ್ಪತ್ತು ದಾಟಿದ ಅಜ್ಜಿಯೊಬ್ಬರೇ. ಅವರ ಕೈಯಿಂದ ಈ ಕೆಲಸ ಕಲಿತವರು ಇದುವರೆಗೆ ಯಾರೂ ಇಲ್ಲ.' ಆ ಸಾಲನ್ನು ಎಷ್ಟು ಸಲ ಓದಿದೆನೋ. ಅದೇ ಕೂತಲ್ಲಿ ಮತ್ತೊಂದು ಹೆಸರಿನಲ್ಲಿ ಮೂರನೆಯ ದಿಂಬಿಗೆ ಆರ್ಡರ್ ಹಾಕಿದೆ. ಬಂದದ್ದನ್ನು ಮೂಸಿಯೂ ನೋಡದೆ ಬರೆದೆ. ಇವತ್ತು ಬೆಳಿಗ್ಗೆ ಕಂಪನಿಗೆ ಅದು ಸುಳ್ಳು, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ತಿಳಿಸಿದ್ದೇನೆ. ಕಾರಣ ಬರೆಯಿರಿ ಎಂದು ಒಂದು ಚೌಕ ತೋರಿಸಿದರು. 'ಹೊಟ್ಟೆಕಿಚ್ಚು' ಎಂದು ಬರೆದೆ. ಎರಡು ಮೂರು ದಿನದಲ್ಲಿ ಪುಟ ತೆರೆಯಬಹುದು. ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ, ಹೇಳುತ್ತೇನೆ. ನನ್ನನ್ನು ಎಷ್ಟು ಬೇಕಾದರೂ ಬಯ್ಯಿರಿ. ಆದರೆ ಒಂದೇ ಒಂದು ತಿಳಿಸಿ. ಆ ಉತ್ತರವನ್ನು ಬರೆದದ್ದು ಮೊಮ್ಮಗಳೋ, ನೀವೇ ಹೇಳಿ ಬರೆಸಿದ್ದೋ? ನೀವೇ ಆದರೂ ಪರವಾಗಿಲ್ಲ, ತಿಳಿಸಿ.